ನಿಮ್ಮ ಎಪಿಐ ಡಾಕ್ಸ್ ಏಜೆಂಟ್‌ಗೆ ಅರ್ಥವಾಗುತ್ತಾ? ಪರೀಕ್ಷಿಸುವುದು ಹೀಗೆ

ಬೆಂಗಳೂರಿನ ಸಾಫ್ಟ್‌ವೇರ್ ಆಫೀಸುಗಳಲ್ಲಿ ಈಗ ಎಲ್ಲಿ ನೋಡಿದರೂ ಇದೇ ಕೆಲಸ. ಹಳೇ ಎಪಿಐಗಳನ್ನು (ಒಂದು ಸಾಫ್ಟ್‌ವೇರ್ ಇನ್ನೊಂದರಿಂದ ಕೆಲಸ ಮಾಡಿಸಿಕೊಳ್ಳುವ ದಾರಿ) ಎಐ ಏಜೆಂಟ್, ಅಂದರೆ ಹೇಳಿದ ಕೆಲಸವನ್ನು ತಾನೇ ಮಾಡುವ ಎಐ, ಬಳಸುವ ಟೂಲ್‌ಗಳಾಗಿ ಮಾಡಬೇಕು. 2024ರ ನವೆಂಬರ್‌ನಲ್ಲಿ ಎಐ ಕಂಪನಿ ಆಂಥ್ರೊಪಿಕ್ ಎಂಸಿಪಿಯನ್ನು (ಎಐಗೆ ಟೂಲ್‌ಗಳನ್ನು ಜೋಡಿಸುವ ಒಂದು ಸಾಮಾನ್ಯ ವಿಧಾನ) ಬಿಡುಗಡೆ ಮಾಡಿದ ಮೇಲೆ ಜೋಡಿಸುವುದೇನೋ ಸುಲಭವಾಗಿದೆ. ಆದರೆ ಜೋಡಿಸಿದ ಟೂಲನ್ನು ಏಜೆಂಟ್ ಸರಿಯಾಗಿ ಬಳಸಬೇಕಾದರೆ ಡಾಕ್ಸ್, ಅಂದರೆ ಅದನ್ನು ಬಳಸುವುದು ಹೇಗೆ ಅಂತ ಬರೆದಿಟ್ಟ ವಿವರಣೆ, ಚೆನ್ನಾಗಿರಬೇಕು, ಅದನ್ನು ಕೂತು ಪರೀಕ್ಷಿಸುವವರು ತುಂಬಾ ಕಮ್ಮಿ.

ಡೆವಲಪರ್‌ಗೆ ಏನಾದರೂ ಅರ್ಥವಾಗದಿದ್ದರೆ ಪಕ್ಕದ ಸೀಟಿನವರನ್ನು ಕೇಳುತ್ತಾರೆ. ಏಜೆಂಟ್ ಎಷ್ಟೋ ಸಲ ಕೇಳುವುದೇ ಇಲ್ಲ, ಬಿಟ್ಟುಹೋದದ್ದನ್ನು ತಾನೇ ಊಹಿಸಿ ತುಂಬಿಬಿಡುತ್ತದೆ. ಹಾಗಾಗಿ ನೀವೇ ಓದಿ ‘ಚೆನ್ನಾಗಿದೆ’ ಅಂದರೆ ಸಾಲದು. ನಿಮಗೆ ಆ ಎಪಿಐ ಮೊದಲೇ ಗೊತ್ತು, ಡಾಕ್ಸ್‌ನಲ್ಲಿ ಇಲ್ಲದ್ದನ್ನೂ ತಲೆಯಲ್ಲೇ ಸೇರಿಸಿಕೊಂಡು ಓದುತ್ತೀರಿ. ಏಜೆಂಟ್ ಕೈಗೇ ಕೊಟ್ಟು ನೋಡಬೇಕು.

ಮೊದಲು ಒಂದಷ್ಟು ಕೆಲಸಗಳನ್ನು ಬರೆದುಕೊಳ್ಳಿ. ಬಳಸುವವರು ಹೇಳುವ ಮಾತಲ್ಲೇ ಬರೆಯಿರಿ, ಟೂಲ್ ಹೆಸರು, ಪ್ಯಾರಾಮೀಟರ್ (ಟೂಲ್‌ಗೆ ಮಾಹಿತಿ ತುಂಬುವ ಖಾನೆ) ಹೆಸರು ಯಾವುದೂ ಅದರಲ್ಲಿ ಬರಬಾರದು. ‘ನಾಳಿದ್ದು ಸಂಜೆ ಆರಕ್ಕೆ ಪಿಕಪ್ ಬೇಕು, ಜಯನಗರ 4ನೇ ಬ್ಲಾಕ್, 11ನೇ ಮೇನ್.’ ಇಷ್ಟು ಚಿಕ್ಕ ವಾಕ್ಯದಲ್ಲೇ ಎಷ್ಟೊಂದು ಸಿಕ್ಕು ನೋಡಿ. ಟೂಲ್ ಕೇಳುವ ಸಮಯ ಯುಟಿಸಿಯೋ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ), ನಮ್ಮ ಐಎಸ್‌ಟಿಯೋ? ಸಂಜೆ ಆರು ಅಂದರೆ ಯುಟಿಸಿಯಲ್ಲಿ ಮಧ್ಯಾಹ್ನ 12:30. ಡಾಕ್ಸ್‌ನಲ್ಲಿ ಹೇಳದೆ ಬಿಟ್ಟರೆ ಏಜೆಂಟ್ ಯುಟಿಸಿ ಕೇಳುವ ಟೂಲ್‌ಗೂ ಸಂಜೆ ಆರು ಅಂತಲೇ ಕಳಿಸಿ, ಗಾಡಿ ರಾತ್ರಿ 11:30ಕ್ಕೆ ಬಂದು ನಿಲ್ಲಬಹುದು. ಬ್ಲಾಕ್, ಮೇನ್, ಕ್ರಾಸ್ ಎಲ್ಲ ವಿಳಾಸದ ಮೊದಲ ಸಾಲಿಗೋ, ಎರಡನೆಯದಕ್ಕೋ? ಇಂಥ ಕಡೆ ಉದ್ದ ವಿವರಣೆಗಿಂತ ನಮ್ಮ ಊರಿನ ಒಂದು ಪೂರ್ತಿ ವಿಳಾಸವನ್ನೇ ಉದಾಹರಣೆಯಾಗಿ ಕೊಡುವುದು ಮೇಲು.

ಆಮೇಲೆ ಹೊಸ ಸೆಷನ್ ತೆರೆಯಿರಿ. ನಿಮ್ಮ ಕೋಡ್ ಆಗಲಿ, ಹಳೇ ಚಾಟ್ ಆಗಲಿ ಏಜೆಂಟ್‌ಗೆ ಕಾಣಬಾರದು. ಟೂಲ್‌ಗಳ ವಿವರಣೆ, ಸ್ಕೀಮಾ (ಯಾವ ಖಾನೆಗೆ ಎಂಥ ಮಾಹಿತಿ ಅನ್ನುವ ಪಟ್ಟಿ) ಮತ್ತು ಒಂದು ಸ್ಯಾಂಡ್‌ಬಾಕ್ಸ್ (ನಿಜವಾದ ದುಡ್ಡು, ಡೇಟಾ ಇಲ್ಲದ ಪರೀಕ್ಷಾ ಜಾಗ), ಇಷ್ಟೇ ಸಾಕು. ಒಂದೇ ಕೆಲಸವನ್ನು ಹಲವು ಸಲ ಓಡಿಸಿ, ಯಾಕಂದರೆ ಒಂದು ಸಲ ಸರಿ ಬಂದದ್ದು ಇನ್ನೊಂದು ಸಲ ತಪ್ಪಬಹುದು. ಸಾಧ್ಯವಾದರೆ ಎರಡು ಬೇರೆ ಎಐ ಮಾಡೆಲ್‌ಗಳಲ್ಲಿ ನೋಡಿ. ಎರಡೂ ಒಂದೇ ಜಾಗದಲ್ಲಿ ಎಡವಿದರೆ ಮಾಡೆಲ್ ಮೇಲೆ ತಪ್ಪು ಹೊರಿಸುವ ಮೊದಲು ಆ ಜಾಗದ ಡಾಕ್ಸ್ ತೆಗೆದು ಓದಿ.

ಈಗ ಮುಖ್ಯವಾದ ಮಾತು. ಏಜೆಂಟ್ ಕೊನೆಯಲ್ಲಿ ಹೇಳಿದ್ದನ್ನು ನಂಬಿ ಮಾರ್ಕ್ಸ್ ಕೊಡಬೇಡಿ. ರೀಫಂಡನ್ನೇ ತೆಗೆದುಕೊಳ್ಳಿ. ಆನ್‌ಲೈನ್ ಪಾವತಿ ಕಂಪನಿ ರೇಜರ್‌ಪೇಯ ಎಪಿಐಯಲ್ಲಿ ಮೊತ್ತವನ್ನು ಪೈಸೆಯಲ್ಲಿ ಕೊಡಬೇಕು, 500 ರೂಪಾಯಿಗೆ 50000. ಅವರ ಡಾಕ್ಸ್‌ನಲ್ಲಿ ಅದು ಇದೆ. ಆದರೆ ಅದರ ಮೇಲೆ ನಿಮ್ಮ ಟೀಮ್ ಕಟ್ಟಿದ ಟೂಲ್‌ನಲ್ಲಿ ‘ಅಮೌಂಟ್, ಪೂರ್ಣಾಂಕ, ಕಡ್ಡಾಯ’ ಅಂತಷ್ಟೇ ಬರೆದಿದ್ದರೆ ಏಜೆಂಟ್ 500 ಅಂತ ಕಳಿಸಬಹುದು. ಗ್ರಾಹಕರಿಗೆ ಹೋಗುವುದು 5 ರೂಪಾಯಿ. ಎರರ್ ಏನೂ ಬರಲ್ಲ, ‘ಎಲ್ಲ ಸರಿ’ ಅನ್ನುವ 200 ಕೋಡ್ ಬರುತ್ತದೆ, ‘500 ರೂಪಾಯಿ ವಾಪಸ್ ಮಾಡಿದ್ದೇನೆ’ ಅಂತ ಏಜೆಂಟ್ ಧೈರ್ಯವಾಗಿ ಹೇಳುತ್ತದೆ. ಸ್ಯಾಂಡ್‌ಬಾಕ್ಸ್‌ನ ಖಾತೆ ತೆಗೆದು ನೋಡಿದಾಗಲೇ ಗೊತ್ತಾಗುವುದು. ಇದನ್ನು ಸರಿಮಾಡಲು ಒಂದೇ ಸಾಲು ಸಾಕು: ‘ಮೊತ್ತ ಪೈಸೆಯಲ್ಲಿ, 500 ರೂಪಾಯಿಗೆ 50000.’ ಪ್ಯಾರಾಮೀಟರ್ ಹೆಸರನ್ನೇ ‘ಅಮೌಂಟ್ ಇನ್ ಪೈಸೆ’ ಅಂತ ಬದಲಿಸಲು ಆಗುವುದಾದರೆ ಇನ್ನೂ ಒಳ್ಳೆಯದು.

ಲಾಗ್ (ಏಜೆಂಟ್ ಮಾಡಿದ ಪ್ರತಿ ಹೆಜ್ಜೆಯ ದಾಖಲೆ) ಓದುವಾಗ ಏಜೆಂಟ್ ಎಲ್ಲಿ ತಪ್ಪಿತು ಅಂತ ವಿಂಗಡಿಸಿ. ಟೂಲನ್ನೇ ತಪ್ಪಾಗಿ ಆರಿಸಿಕೊಂಡಿದ್ದರೆ ಎರಡು ಟೂಲ್‌ಗಳ ವಿವರಣೆ ಒಂದೇ ಥರ ಇರಬಹುದು. ಯಾವಾಗ ಬಳಸಬೇಕು ಅನ್ನುವುದರ ಜೊತೆಗೆ ಯಾವಾಗ ಬಳಸಬಾರದು ಅಂತಲೂ ಬರೆಯಿರಿ. ಆರ್ಗ್ಯುಮೆಂಟ್, ಅಂದರೆ ಖಾನೆಯಲ್ಲಿ ತುಂಬಿದ್ದು, ತಪ್ಪಿದ್ದರೆ ಸ್ಕೀಮಾ ಸಡಿಲವಾಗಿರಬಹುದು. ನಾಲ್ಕೇ ಆಯ್ಕೆ ಇರುವ ಕಡೆ ಸುಮ್ನೆ ಸ್ಟ್ರಿಂಗ್ (ಏನು ಬೇಕಾದರೂ ಬರೆಯಬಹುದಾದ ಪಠ್ಯ) ಅಂತ ಬಿಡದೆ ಈನಮ್ (ಒಪ್ಪುವ ಆಯ್ಕೆಗಳ ಪಟ್ಟಿ) ಕೊಡಿ. ತಾರೀಖು ಯಾವ ಕ್ರಮದಲ್ಲಿ ಅಂತ ಹೇಳಿ, 05-06-2025 ನಮಗೆ ಜೂನ್ 5, ಅಮೆರಿಕದವರಿಗೆ ಮೇ 6.

ಬೇಕಂತಲೇ ಎರರ್ ಬರಿಸಿಯೂ ನೋಡಿ. ಎಷ್ಟೋ ಟೀಮ್‌ಗಳು ಎರರ್ ಮೆಸೇಜನ್ನು ಡಾಕ್ಸ್ ಅಂತ ಎಣಿಸುವುದೇ ಇಲ್ಲ, ಆದರೆ ಏಜೆಂಟ್‌ಗೆ ಕೆಲಸದ ಮಧ್ಯೆ ಸಿಗುವ ಡಾಕ್ಸ್ ಅದೇ ಅಲ್ವಾ? ಬರೀ ‘400 ಬ್ಯಾಡ್ ರಿಕ್ವೆಸ್ಟ್’ ಅಂದರೆ ಅದು ಸುಮ್ಮನೆ ಏನೇನೋ ಬದಲಿಸಿ ಮತ್ತೆ ಮತ್ತೆ ಕಳಿಸುತ್ತದೆ. ‘ಪಿನ್‌ಕೋಡ್ 6 ಅಂಕಿ ಇರಬೇಕು, 5 ಬಂದಿದೆ’ ಅಂತ ಹೇಳಿದರೆ ಮುಂದಿನ ಸಲವೇ ತಿದ್ದಿಕೊಳ್ಳುವ ಸಾಧ್ಯತೆ ಜಾಸ್ತಿ. ‘ತುಂಬಾ ಸಲ ಕೇಳಿದ್ದೀರಿ’ ಅನ್ನುವ 429 ಕೋಡ್ ಕಳಿಸುವಾಗ ಎಷ್ಟು ಸೆಕೆಂಡ್ ಕಾಯಬೇಕು ಅನ್ನುವುದನ್ನೂ ಕೊಡಿ. ಟೈಮ್‌ಔಟ್ ಆದಾಗ ಅದೇ ರೀಫಂಡನ್ನು ಇನ್ನೊಮ್ಮೆ ಕಳಿಸಿದರೆ ದುಡ್ಡು ಎರಡು ಸಲ ಹೋಗುತ್ತದಾ, ಐಡೆಂಪೊಟೆನ್ಸಿ ಕೀ (ಇದು ಅದೇ ಹಳೇ ಕೋರಿಕೆ ಅಂತ ಸರ್ವರ್‌ಗೆ ತಿಳಿಸುವ ಗುರುತು) ಇದೆಯಾ, ಇದ್ದರೆ ಮತ್ತೆ ಕಳಿಸುವಾಗ ಹಳೆಯದನ್ನೇ ಬಳಸಬೇಕಾ ಅನ್ನುವುದು ಡಾಕ್ಸ್‌ನಲ್ಲಿ ಇಲ್ಲದಿದ್ದರೆ ನನ್ನ ಲೆಕ್ಕದಲ್ಲಿ ಆ ಟೂಲ್ ಫೇಲ್.

ಓಪನ್‌ಎಪಿಐ ಫೈಲ್‌ನಲ್ಲಿ (ಇಡೀ ಎಪಿಐಯನ್ನು ವಿವರಿಸುವ ಫೈಲ್) ಇರುವ ಪ್ರತಿ ಎಂಡ್‌ಪಾಯಿಂಟನ್ನೂ (ಕೋರಿಕೆ ಕಳಿಸುವ ಒಂದೊಂದು ವಿಳಾಸ) ಹಾಗೇ ಒಂದೊಂದು ಟೂಲ್ ಮಾಡಿ ಸುರಿಯಬೇಡಿ. ಸಾಮಾನ್ಯವಾಗಿ ಆ ವಿವರಣೆಗಳೆಲ್ಲ ಮಾಡೆಲ್‌ನ ಕಾಂಟೆಕ್ಸ್ಟ್‌ಗೆ (ಅದು ಒಮ್ಮೆಗೆ ನೋಡುವ ಪಠ್ಯ) ಹೋಗಿ ಕೂರುತ್ತವೆ, ಟೋಕನ್ (ಮಾಡೆಲ್ ಪಠ್ಯವನ್ನು ಎಣಿಸುವ ತುಣುಕು) ಖರ್ಚಾಗುತ್ತದೆ, ಆರಿಸುವುದೂ ಕಷ್ಟವಾಗುತ್ತದೆ. ಎಂಸಿಪಿಯಲ್ಲಿ ‘ಇದು ಓದಲು ಮಾತ್ರ’, ‘ಇದು ಅಳಿಸಿಹಾಕಬಹುದು’ ಅಂತ ಗುರುತು ಹಾಕಲು ಜಾಗ ಇದೆ, ಹಾಕಿ. ಆದರೆ ಅವು ಬರೀ ಸುಳಿವುಗಳು. ತಡೆಯಬೇಕಾದ್ದನ್ನು ಸರ್ವರ್‌ನಲ್ಲೇ ತಡೆಯಿರಿ.

ತಿದ್ದುವಾಗ ಒಂದು ಸಲಕ್ಕೆ ಒಂದೇ ವಿವರಣೆ ಬದಲಿಸಿ ಮತ್ತೆ ಓಡಿಸಿ, ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗಲ್ಲ. ಕೆಲವು ಕೆಲಸಗಳನ್ನು ಮೊದಲೇ ಬೇರೆ ಎತ್ತಿಟ್ಟಿರಿ, ತಿದ್ದುವಾಗ ಅವನ್ನು ಮುಟ್ಟಬೇಡಿ, ಎಲ್ಲ ಮುಗಿದ ಮೇಲೆ ಅವುಗಳ ಮೇಲೆ ಓಡಿಸಿ. ಅಲ್ಲೂ ಸರಿ ಬಂದರೆ ಡಾಕ್ಸ್ ನಿಜವಾಗಲೂ ಸುಧಾರಿಸಿದೆ. ಮಾಡೆಲ್ ಬದಲಾದಾಗ, ಎಪಿಐಗೆ ಹೊಸ ಫೀಲ್ಡ್ ಸೇರಿಸಿದಾಗ ಈ ಪೂರ್ತಿ ಸೆಟ್ ಮತ್ತೊಮ್ಮೆ ಓಡಲಿ, ಬಿಲ್ಡ್ (ಕೋಡನ್ನು ಸಾಫ್ಟ್‌ವೇರ್ ಆಗಿ ಸಿದ್ಧಮಾಡುವ ಹಂತ) ಜೊತೆಗೇ ಓಡುವ ಹಾಗೆ ಕಟ್ಟಿಟ್ಟರೆ ಯಾರೂ ನೆನಪಿಸಬೇಕಾಗಿಲ್ಲ.