ಚೆನ್ನಾಗಿದೆ, ಆದರೆ ಯಾವ ಸಾಲು?

ತಮಗಿಷ್ಟವಾದ ಪುಸ್ತಕ, ಸಿನಿಮಾದ ಪಾತ್ರಗಳನ್ನು ಹಿಡಿದು ಅಭಿಮಾನಿಗಳು ಬರೆಯುವ ಕತೆಗಳನ್ನು, ಅಂದರೆ ಫ್ಯಾನ್ ಫಿಕ್ಷನ್ ಅನ್ನು, ಒಂಬತ್ತು ವರ್ಷದಿಂದ ಬಿಡದೆ ಓದುತ್ತಿದ್ದೇನೆ. ಐದು ವರ್ಷದಿಂದ ಬೀಟಾ ರೀಡರ್ ಕೆಲಸವನ್ನೂ ಮಾಡುತ್ತಿದ್ದೇನೆ. ಕತೆ ಹೊರಬೀಳುವ ಮೊದಲು ಕರಡು ಓದಿ ಅಭಿಪ್ರಾಯ ಹೇಳುವವರಿಗೆ ಆ ಹೆಸರು. ಸಾಫ್ಟ್‌ವೇರ್‌ನವರ ಬೀಟಾ ಪರೀಕ್ಷೆಯಿಂದ ಬಂದ ಪದ.

ಶುರುವಿನಲ್ಲಿ ಮಾಡಿದ ಒಂದು ತಪ್ಪು ಇನ್ನೂ ಮನಸ್ಸಿನಿಂದ ಹೋಗಿಲ್ಲ. ಒಬ್ಬರು ತಮ್ಮ ಮೊದಲ ಕತೆ ಬರೆದಿದ್ದರು. ಮೂಲಕತೆಯ ಲೋಕಕ್ಕೆ ಹೊಸ ಹುಡುಗಿಯೊಬ್ಬಳನ್ನು ತಂದಿದ್ದರು. ಅವಳಿಗೆ ಬಾರದ ವಿದ್ಯೆಯಿಲ್ಲ, ಅವಳನ್ನು ಮೆಚ್ಚದವರಿಲ್ಲ. ನಾನು "ಇದು ಅಪ್ಪಟ ಮೇರಿ ಸೂ" ಎಂದು ಬರೆದು, ಕೆಳಗೆ ಹನ್ನೊಂದು ತಪ್ಪುಗಳ ಪಟ್ಟಿ ಕೊಟ್ಟೆ. ಅವರೇನೂ ಕೇಳಿರಲಿಲ್ಲ. ಎರಡನೇ ಅಧ್ಯಾಯ ಬರಲೇ ಇಲ್ಲ.

ಮೇರಿ ಸೂ ಅನ್ನುವುದು 1973ರಲ್ಲಿ ಪೌಲಾ ಸ್ಮಿತ್ ಅವರು ಸ್ಟಾರ್ ಟ್ರೆಕ್ ಎಂಬ ಟಿವಿ ಧಾರಾವಾಹಿಯ ಅಭಿಮಾನಿಗಳ ಪತ್ರಿಕೆಗೆ ಬರೆದ ಅಣಕು ಕತೆಯ ನಾಯಕಿ: ಹದಿನೈದೂವರೆ ವರ್ಷದ, ಸಕಲಗುಣಸಂಪನ್ನ ಲೆಫ್ಟಿನೆಂಟ್. ಆ ಹೆಸರು ಬರಬರುತ್ತಾ ಹಣೆಪಟ್ಟಿಯಾಯಿತು. ಹಣೆಪಟ್ಟಿ ಕಟ್ಟಿಬಿಟ್ಟರೆ ಬರೆದವರ ಕೈಗೆ ತಿದ್ದಲು ಏನೂ ಸಿಗುವುದಿಲ್ಲ. "ಈ ಹುಡುಗಿ ಒಮ್ಮೆ ಸೋತಿದ್ದರೆ, ಕೊನೆಗೆ ಗೆದ್ದಾಗ ನನಗೆ ಇನ್ನೂ ಖುಷಿಯಾಗುತ್ತಿತ್ತು" ಅಂದಿದ್ದರೆ ಸಾಕಿತ್ತು. ಅದನ್ನೂ ಅವರು ಕೇಳಿದ್ದರೆ ಮಾತ್ರ ಹೇಳಬೇಕಿತ್ತು.

ಹಾಗಾಗಿ ಈಗ ಮೊದಲು ಲೇಖಕರ ಟಿಪ್ಪಣಿ ಓದುತ್ತೇನೆ. "ತಿದ್ದುಪಡಿ ಹೇಳಿ" ಎಂದಿದ್ದರೆ ಹೇಳುತ್ತೇನೆ. ಏನೂ ಬರೆದಿಲ್ಲದಿದ್ದರೆ ಮೆಚ್ಚಿದ್ದನ್ನು ಮಾತ್ರ ಬರೆಯುತ್ತೇನೆ, ತೀರಾ ಹೇಳಲೇಬೇಕು ಅನಿಸಿದರೆ "ಒಂದು ಅನುಮಾನವಿದೆ, ಹೇಳಬಹುದೇ?" ಎಂದು ಕೇಳುತ್ತೇನೆ. ಈ ಬರಹಕ್ಕೆ ಸಂಬಳವಿಲ್ಲ, ಸಂಪಾದಕರಿಲ್ಲ. ಬರೆದವರು ದಿನದ ಕೆಲಸವೆಲ್ಲ ಮುಗಿಸಿ, ನಿದ್ದೆಗೆಟ್ಟು, ಪ್ರೀತಿಯಿಂದ ಬರೆದಿರುತ್ತಾರೆ.

ಮೆಚ್ಚುಗೆ ಸುಲಭ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ನನಗೆ ಅದನ್ನೇ ಕಲಿಯಲು ಹೆಚ್ಚು ಕಾಲ ಹಿಡಿಯಿತು. "ಸೂಪರ್", "ತುಂಬಾ ಚೆನ್ನಾಗಿದೆ" ಅನ್ನುವುದರಿಂದ ಖುಷಿಯಾಗುತ್ತದೆ, ಬೇಡವೆನ್ನುವುದಿಲ್ಲ. ಆದರೆ ಬರೆದವರಿಗೆ ತಮ್ಮ ಯಾವ ಸಾಲು ನಾಟಿತು ಎಂದು ತಿಳಿಯುವುದಿಲ್ಲ. ಒಬ್ಬ ಲೇಖಕಿ, ಮೂಲದಲ್ಲಿ ಎರಡೇ ದೃಶ್ಯದಲ್ಲಿ ಬಂದು ಹೋಗುವ ಕಾವಲುಗಾರನನ್ನು ಹಿಡಿದು ಉದ್ದದ ಕತೆ ಬರೆಯುತ್ತಿದ್ದರು. ಅದರಲ್ಲಿ ಅವನು ಬಾಗಿಲು ತೆಗೆಯುವ ಮೊದಲು ಪ್ರತಿ ಸಲವೂ ಅಗುಳಿಯ ಮೇಲೆ ಅಂಗೈ ಇಟ್ಟು ಒಂದು ಕ್ಷಣ ನಿಲ್ಲುತ್ತಾನೆ. ನಾನು ಆ ಸಾಲನ್ನೇ ಎತ್ತಿ ಬರೆದೆ: "ಇವನು ಯಾರನ್ನೋ ಕಾಯುತ್ತಿದ್ದಾನೆ ಎಂದು ನೀವು ಎಲ್ಲೂ ಹೇಳಿಲ್ಲ. ಈ ಅಂಗೈಯಿಂದಲೇ ನನಗೆ ಗೊತ್ತಾಯಿತು." ಆ ಸಾಲನ್ನು ಅಳಿಸಿಬಿಡಬೇಕು ಎಂದುಕೊಂಡಿದ್ದರಂತೆ ಅವರು. ಯಾರೂ ಗಮನಿಸಲಾರರು ಎಂಬ ಅನುಮಾನ.

ಆಮೇಲೆ ಅವರೇ ನಾಲ್ಕನೇ ಅಧ್ಯಾಯದ ಕರಡು ಕಳಿಸಿ, ಕಡ್ಡಿ ಮುರಿದಂತೆ ಹೇಳಿ ಎಂದರು. ಅಲ್ಲಿ ಕಾವಲುಗಾರ ಒಂದೂವರೆ ಪುಟ ಬದುಕಿನ ಬಗ್ಗೆ ಮಾತಾಡುತ್ತಾನೆ. ನಾನು "ಭಾಷಣ ತೆಗೆದುಹಾಕಿ" ಎಂದು ಬರೆದು, ಮತ್ತೆ ಓದಿ, ಆ ಸಾಲನ್ನು ಹೊಡೆದುಹಾಕಿದೆ. ಬದಲಿಗೆ ಹೀಗೆ ಬರೆದೆ: "ಮೂರು ಅಧ್ಯಾಯ ಇವನು ಕೈಯಿಂದಲೇ ಮಾತಾಡಿದ್ದ. ಇಲ್ಲಿ ಬಾಯಿ ಬಿಟ್ಟಾಗ, ಅರ್ಧ ಪುಟದ ಹೊತ್ತಿಗೆ ನನಗೆ ಅವನ ದನಿ ಕೇಳಿಸದಂತಾಯಿತು." ಅವರು ಭಾಷಣವನ್ನು ಕತ್ತರಿಸಲಿಲ್ಲ. ಅವನನ್ನು ಬಾಗಿಲಿಗೆ ಬೆನ್ನು ಕೊಟ್ಟು ಕೂರಿಸಿ, ಒಳಗಿರುವವರು ಕೇಳಿಸಿಕೊಳ್ಳುತ್ತಿದ್ದಾರೋ ಇಲ್ಲವೋ ಗೊತ್ತಿಲ್ಲದೆ ಮಾತಾಡಿಸಿದರು. ಆಗ ಆ ಒಂದೂವರೆ ಪುಟವೂ ಕಡಿಮೆ ಅನಿಸಿತು. ಹೀಗೆ ಮಾಡಬಹುದು ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಓದುವಾಗ ನನ್ನೊಳಗೆ ಏನಾಯಿತು ಎಂದು ಹೇಳುವುದು ನನ್ನ ಕೆಲಸ, ಮದ್ದು ಅವರಿಗೇ ಗೊತ್ತಿರುತ್ತದೆ ಎಂಬ ನಂಬಿಕೆ ನನ್ನಲ್ಲಿ ಗಟ್ಟಿಯಾದದ್ದು ಅಂದೇ.

ಪಾತ್ರ ಹಳಿ ತಪ್ಪಿದೆ ಎಂದು ಬರೆಯುವ ಮುನ್ನ ಇನ್ನೊಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಮೂಲದಿಂದ ಇವರು ಬೇಕೆಂದೇ ದೂರ ಹೋಗಿದ್ದಾರೆಯೇ? ಪರ್ಯಾಯ ಲೋಕದ ಕತೆಯಲ್ಲಿ ರಾಜ ಮೇಷ್ಟ್ರಾಗಿದ್ದರೆ ಅದು ತಪ್ಪಲ್ಲ. ಮೇಷ್ಟ್ರಾದ ಮೇಲೂ ಅವನ ಹಠ ಹಾಗೇ ಉಳಿದಿದೆಯೇ ಎಂದು ನೋಡುತ್ತೇನೆ. ನನಗೆ ಇಷ್ಟವಿಲ್ಲದ ಜೋಡಿಯ ಕತೆಯಾದರೆ ಸುಮ್ಮನೆ ಮುಂದೆ ಹೋಗುತ್ತೇನೆ. ನನ್ನ ರುಚಿ ಅವರ ಬರಹದ ದೋಷವಾಗುವುದಿಲ್ಲ.

ಕಾಗುಣಿತದ ತಪ್ಪುಗಳನ್ನು ಎಲ್ಲರೆದುರು ಎತ್ತಿ ಆಡುವುದಿಲ್ಲ, ಬೇರೆಯಾಗಿ ಕಳಿಸುತ್ತೇನೆ. "ಮುಂದಿನ ಅಧ್ಯಾಯ ಯಾವಾಗ?" ಎಂದು ಕೇಳುವುದನ್ನೂ ಬಿಟ್ಟಿದ್ದೇನೆ. ಕೇಳುವವರಿಗೆ ಅದು ಆಸೆ, ಬರೆಯುವವರಿಗೆ ಎಷ್ಟೋ ಸಲ ಸಾಲ ಕೊಟ್ಟವರು ಬಾಗಿಲಿಗೆ ಬಂದ ಹಾಗೆ. ಎಂದೋ ಮುಗಿದ ಹಳೆಯ ಕತೆಗೂ ಈಗ ಧೈರ್ಯವಾಗಿ ನಾಲ್ಕು ಸಾಲು ಬರೆಯುತ್ತೇನೆ. ಆರು ವರ್ಷದ ಹಿಂದಿನ ಕತೆಯೊಂದಕ್ಕೆ ಬರೆದಾಗ ಮರುದಿನವೇ ಉತ್ತರ ಬಂದಿತ್ತು.

ಕಾವಲುಗಾರನ ಲೇಖಕಿ ಕಳೆದ ವಾರ ಹೊಸ ಕರಡು ಕಳಿಸಿದ್ದಾರೆ. ಜೊತೆಗೆ ಒಂದೇ ಕೋರಿಕೆ: "ಎಲ್ಲಿ ಓದು ನಿಲ್ಲಿಸಬೇಕು ಅನಿಸಿತೋ ಅಲ್ಲಿ ಗುರುತು ಹಾಕಿ." ಎರಡನೇ ಪುಟದ ಮಧ್ಯೆ ಒಂದು ಗುರುತು ಹಾಕಿಟ್ಟಿದ್ದೇನೆ. ಆಯಾಸದಲ್ಲಿ ಹಾಗನಿಸಿತೋ ಏನೋ, ನಾಳೆ ಬೆಳಿಗ್ಗೆ ಇನ್ನೊಮ್ಮೆ ಓದಿ ಆಮೇಲೆ ಬರೆಯುತ್ತೇನೆ.