ಫೈಬ್ರೊಮಯಾಲ್ಜಿಯಾ ಇರುವ ನನ್ನ ಮಾತ್ರೆ ಡಬ್ಬಿಯ ಲೆಕ್ಕ

ನಾನು ಫಾರ್ಮಸಿ ಓದಿದವಳು. ದಾವಣಗೆರೆಯ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುತ್ತೇನೆ. ಮೈಯೆಲ್ಲಾ ನೋವು, ಸುಸ್ತು, ನಿದ್ದೆಯ ತೊಂದರೆ ಕೊಡುವ ಕಾಯಿಲೆ ಫೈಬ್ರೊಮಯಾಲ್ಜಿಯಾ ನನಗೂ ಇದೆ. ಹಾಗಾಗಿ ಕೌಂಟರಿನಿಂದ ಆಚೆ ಕೊಡುವ ಸ್ಟ್ರಿಪ್‌ಗಳಲ್ಲಿ ಕೆಲವು ನನ್ನ ಬ್ಯಾಗಿನಲ್ಲೂ ಇರುತ್ತವೆ. ಯಾವ ಮಾತ್ರೆ, ಎಷ್ಟು ಡೋಸ್ ಅನ್ನುವುದು ಡಾಕ್ಟರ್ ಕೆಲಸ. ಆದರೆ ಬರೆದುಕೊಟ್ಟ ಮಾತ್ರೆ ನನ್ನ ಮೈಗೆ ಹೊಂದುತ್ತದಾ, ಡಬ್ಬಿಯಲ್ಲಿ ಮೊದಲೇ ಇರುವ ಮಾತ್ರೆಗಳ ಜೊತೆ ಜಗಳಕ್ಕೆ ಬೀಳುತ್ತದಾ ಅಂತ ನೋಡಿಕೊಳ್ಳುವುದು ನನ್ನ ಕೆಲಸ.

ಮೊದಲು ಡಬ್ಬಿಯಿಂದ ಆಚೆ ಹೋಗಿದ್ದು ಪೇನ್ ಕಿಲ್ಲರ್. ಮೈಯಲ್ಲಿ ಬಾವು ಇದೆಯಾ ಅಂತ ತೋರಿಸುವ ರಕ್ತ ಪರೀಕ್ಷೆಗಳು, ಇಎಸ್‌ಆರ್, ಸಿಆರ್‌ಪಿ ಎರಡೂ ನಾರ್ಮಲ್ ಇದ್ದವು. ಕೀಲುಗಳಲ್ಲಿ ಬಾವು ಇರಲಿಲ್ಲ. ಈ ಕಾಯಿಲೆಯಲ್ಲಿ ಕೆಟ್ಟಿರುವುದು ಕೀಲಲ್ಲ, ನೋವಿನ ಸುದ್ದಿಯನ್ನು ಮಿದುಳು ಮತ್ತು ಬೆನ್ನುಹುರಿ ಅಳೆಯುವ ರೀತಿ. ಬಾವೇ ಇಲ್ಲದ ಕಡೆ ಬಾವು ಇಳಿಸುವ ಅಸೆಕ್ಲೊಫೆನಾಕ್, ಡೈಕ್ಲೊಫೆನಾಕ್ ಏನು ಮಾಡಬೇಕು? ಯುರೋಪಿನ ರುಮಟಾಲಜಿ ಸಂಘ ಯೂಲಾರ್‌ನ 2016ರ ಶಿಫಾರಸುಗಳು ಇಂಥ ಪೇನ್ ಕಿಲ್ಲರ್, ಸ್ಟೀರಾಯ್ಡ್, ಅಫೀಮು ಜಾತಿಯ ಬಲವಾದ ಔಷಧಿ, ಮೂರನ್ನೂ ಬೇಡ ಅಂದಿವೆ. ಮೇಲಾಗಿ ನನಗೆ ಬಿಪಿ ಇದೆ. ದಿನಾ ಪೇನ್ ಕಿಲ್ಲರ್ ನುಂಗಿದರೆ ಬಿಪಿ ಏರುತ್ತದೆ, ಕಿಡ್ನಿಗೂ ಹೊಟ್ಟೆಗೂ ಪೆಟ್ಟು. ಆದರೂ 'ಮೈಕೈ ನೋವಿನ ಮಾತ್ರೆ ಒಂದು ಸ್ಟ್ರಿಪ್ ಕೊಡಿ' ಅಂತ ತಿಂಗಳಾನುಗಟ್ಟಲೆ ಕೇಳಿಕೊಂಡು ಬರುವವರಿಗೆ ಅಂಗಡಿಯಲ್ಲಿ ಬರವಿಲ್ಲ.

ಹಾಗಾದರೆ ಈ ಕಾಯಿಲೆಗೆ ಅಂತಲೇ ಇರುವ ಔಷಧಿ ಯಾವುದು? ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2007ರಲ್ಲಿ ಪ್ರಿಗಾಬಾಲಿನ್, 2008ರಲ್ಲಿ ಡುಲಾಕ್ಸೆಟಿನ್, 2009ರಲ್ಲಿ ಮಿಲ್ನಾಸಿಪ್ರಾನ್‌ಗೆ ಒಪ್ಪಿಗೆ ಕೊಟ್ಟಿತು. ಅವೇ ಮೂರನ್ನು ಯುರೋಪಿನ ಔಷಧ ಸಂಸ್ಥೆ ಈ ಕಾಯಿಲೆಗೆ ಒಪ್ಪಲಿಲ್ಲ. ಕಾರಣ ಸರಳ. ಇವು ಕೆಲವರಿಗೆ ಚೆನ್ನಾಗಿ ಹಿಡಿಯುತ್ತವೆ, ಬಹಳ ಜನಕ್ಕೆ ಏನೂ ಆಗುವುದಿಲ್ಲ. ಪ್ರಿಗಾಬಾಲಿನ್‌ನಿಂದ ನೋವು ಗಣನೀಯವಾಗಿ ಇಳಿಯುವವರು, ಸುಮ್ನೆ ಹುಸಿ ಮಾತ್ರೆ ತೆಗೆದುಕೊಂಡವರಿಗಿಂತ ನೂರಕ್ಕೆ ಸುಮಾರು 10 ಜನ ಜಾಸ್ತಿ, ಅಷ್ಟೇ. ಇದು ತಲೆಯಲ್ಲಿದ್ದರೆ ಒಂದು ಅನುಕೂಲ. ಹಿಡಿಯದ ಮಾತ್ರೆಯನ್ನು 'ಇರಲಿ ಬಿಡು' ಅಂತ ವರ್ಷಗಟ್ಟಲೆ ಎಳೆಯುವುದಿಲ್ಲ. ನಾನು ಒಂದು ಸಲಕ್ಕೆ ಒಂದೇ ಮಾತ್ರೆ ಬದಲಿಸಿ ಅಂತ ಡಾಕ್ಟರನ್ನು ಕೇಳಿಕೊಂಡೆ. ಎರಡು ಹೊಸ ಮಾತ್ರೆ ಒಟ್ಟಿಗೆ ಶುರುವಾದರೆ ತಲೆಸುತ್ತು ಯಾವುದರಿಂದ, ನಿದ್ದೆ ಯಾವುದರಿಂದ ಅಂತ ದೇವರಿಗೇ ಗೊತ್ತು.

ನನಗೆ ಶುರುವಾಗಿದ್ದು ಅಮಿಟ್ರಿಪ್ಟಿಲಿನ್, 10 ಮಿಲಿಗ್ರಾಂ. ಖಿನ್ನತೆಗೆ ಕೊಡುವ ಹಳೆಯ ಮಾತ್ರೆ, ಅಗ್ಗದ್ದು. ಕೊಡುವ ಮುಂಚೆ ಡಾಕ್ಟರ್ ಒಂದು ಇಸಿಜಿ ಮಾಡಿಸಿದರು, ಕಣ್ಣಿನ ಒತ್ತಡದ ಕಾಯಿಲೆ ಗ್ಲಾಕೋಮಾ ಇದೆಯಾ ಅಂತ ಕೇಳಿದರು. ಹೃದಯದ ಬಡಿತದ ತೊಂದರೆ ಇರುವವರು, ಪ್ರಾಸ್ಟೇಟ್‌ನಿಂದ ಮೂತ್ರ ಕಟ್ಟುವವರು, ವಯಸ್ಸಾದವರು ಇದರ ಹತ್ತಿರ ಹೋಗುವಾಗ ಹುಷಾರಾಗಿರಬೇಕು. ಮಲಗುವಾಗ ನುಂಗಿದರೆ ಬೆಳಿಗ್ಗೆ ಹತ್ತು ಗಂಟೆಯವರೆಗೂ ಮಂಪರು ಬಿಡುತ್ತಿರಲಿಲ್ಲ. ಡಾಕ್ಟರನ್ನು ಕೇಳಿ ರಾತ್ರಿ ಎಂಟಕ್ಕೆ ಬದಲಿಸಿಕೊಂಡೆ, ಬೆಳಗು ಹಗುರಾಯಿತು. ನಿದ್ದೆ ಸುಧಾರಿಸಿತು. ನೋವು ಮಾತ್ರ ಅಲ್ಲೇ ಕೂತಿತ್ತು, ಜೊತೆಗೆ ಬಾಯಿ ಒಣಗುವುದು, ಮಲಬದ್ಧತೆ.

ಆಮೇಲೆ ಡುಲಾಕ್ಸೆಟಿನ್, ಇದೂ ಖಿನ್ನತೆಗೂ ಕೊಡುವ ಔಷಧಿ. 30ರಿಂದ ಶುರು, ನಂತರ 60. ಇದನ್ನು ಬರೆಯುವಾಗ ಡಾಕ್ಟರ್ ಅಮಿಟ್ರಿಪ್ಟಿಲಿನನ್ನು ನಿಧಾನಕ್ಕೆ ಇಳಿಸಿ ನಿಲ್ಲಿಸಿದರು. ಅಮಿಟ್ರಿಪ್ಟಿಲಿನನ್ನು ಕರಗಿಸುವ ಲಿವರ್ ಕಿಣ್ವವನ್ನು ಡುಲಾಕ್ಸೆಟಿನ್ ತಡೆಯುತ್ತದೆ. ಎರಡೂ ಜೊತೆಗಿದ್ದರೆ 10 ಮಿಲಿಗ್ರಾಂ ನುಂಗಿದರೂ ರಕ್ತದಲ್ಲಿ ಅದಕ್ಕಿಂತ ಜಾಸ್ತಿ ನುಂಗಿದಷ್ಟು ಇರುತ್ತದೆ. ಮೊದಲ ವಾರ ವಾಕರಿಕೆ. ತಿಂಡಿ ಆದ ಮೇಲೆ ತೆಗೆದುಕೊಂಡಾಗ ತಡೆಯಿತು. ಕ್ಯಾಪ್ಸೂಲ್ ಬಿಚ್ಚಿ ನೀರಿಗೆ ಹಾಕಬಾರದು. ಒಳಗಿನ ಕಾಳುಗಳಿಗೆ ಹೊಟ್ಟೆಯ ಆಮ್ಲ ತಾಗದಂತೆ ಲೇಪನ ಇರುತ್ತದೆ. ಬಿಪಿ ವಾರಕ್ಕೊಮ್ಮೆ ನೋಡಿಕೊಂಡೆ, ಇದರಿಂದ ಏರಬಹುದು. ಲಿವರ್ ಕೆಟ್ಟಿರುವವರಿಗೆ, ಕುಡಿತ ಜಾಸ್ತಿ ಇರುವವರಿಗೆ ಇದು ಬೇಡ. ಚಿಕ್ಕ ವಯಸ್ಸಿನವರಲ್ಲಿ ಶುರುವಿನ ವಾರಗಳಲ್ಲಿ ಮನಸ್ಸು ಹದಗೆಡುತ್ತಿದೆಯಾ ಅಂತ ಮನೆಯವರು ಗಮನಿಸಬೇಕು.

ಪೊಟ್ಟಣದೊಳಗಿನ ಚೀಟಿಯನ್ನು ಯಾರೋ ಓದಿ ಹೇಳಿದ್ದಕ್ಕೆ ನಮ್ಮ ಅತ್ತೆ ಗಾಬರಿಯಾದರು. 'ಇದು ತಲೆ ಕೆಟ್ಟವರಿಗೆ ಕೊಡೋ ಮಾತ್ರೆಯಂತಲ್ಲೇ?' 'ಅತ್ತೆ, ನಿಮ್ಮ ಬಿಪಿ ಮಾತ್ರೆನ ಮೈಗ್ರೇನ್‌ಗೂ ಕೊಡ್ತಾರೆ. ನಿಮಗೆ ಮೈಗ್ರೇನ್ ಇದೆಯಾ?' ಅಂದೆ. ಅವರದು ಪ್ರೊಪ್ರನಲಾಲ್. ಆ ಮಾತು ಅಲ್ಲಿಗೆ ಮುಗಿಯಿತು.

ಪ್ರಿಗಾಬಾಲಿನನ್ನು ನಡುವೆ ಒಮ್ಮೆ ಸೇರಿಸಿ ನೋಡಿದೆವು. ಪಾದ ಊದಿಕೊಂಡಿತು, ತೂಕ ಏರಿತು, ಸ್ಕೂಟರ್ ಓಡಿಸಲು ಭಯವಾಯಿತು. ಹಂತ ಹಂತವಾಗಿ ಇಳಿಸಿ ಬಿಟ್ಟೆ. ಬೇರೆಯವರಿಗೆ ಇದೇ ಚೆನ್ನಾಗಿ ಹಿಡಿದಿದ್ದನ್ನೂ ಕಂಡಿದ್ದೇನೆ. ಇದು ದೇಹದಿಂದ ಹೊರಹೋಗುವುದು ಕಿಡ್ನಿಯಿಂದ. ಕ್ರಿಯಾಟಿನಿನ್ ಜಾಸ್ತಿ ಇದ್ದವರಿಗೆ, ಅಂದರೆ ಕಿಡ್ನಿ ಸರಿಯಾಗಿ ಕೆಲಸ ಮಾಡದವರಿಗೆ, ಡೋಸ್ ಕಡಿಮೆ ಮಾಡಲೇಬೇಕು. ಗರ್ಭಿಣಿಯರಲ್ಲಿ ಮಗುವಿಗೆ ತೊಂದರೆಯ ಸಾಧ್ಯತೆ ಇದೆ ಅಂತ ಬ್ರಿಟನ್ನಿನ ಔಷಧ ಇಲಾಖೆ 2022ರಲ್ಲಿ ಎಚ್ಚರಿಸಿದೆ. ಮಗು ಬೇಕೆನ್ನುವ ಹೆಣ್ಣುಮಕ್ಕಳು ಇದನ್ನು ಡಾಕ್ಟರ್ ಹತ್ತಿರ ಮೊದಲೇ ಹೇಳಬೇಕು.

ನಮ್ಮಲ್ಲಿ ಇನ್ನೊಂದು ತೊಡಕಿದೆ, ಜೋಡಿ ಮಾತ್ರೆ. ಕೈಯಲ್ಲಿ ಸ್ಟ್ರಿಪ್ ಹಿಡಿದು ಹಿಂಬದಿ ಓದಿ. ಮುಂದೆ ದೊಡ್ಡಕ್ಷರದಲ್ಲಿ ಒಂದು ಬ್ರ್ಯಾಂಡ್ ಹೆಸರು, ಕೊನೆಗೆ 'ಎನ್‌ಟಿ' ಅಂತ ಎರಡಕ್ಷರ. ಹಿಂದೆ, ಬೆಳ್ಳಿ ಹಾಳೆಯ ಮೇಲೆ, ಇರುವೆ ಸಾಲಿನಂಥ ಅಕ್ಷರದಲ್ಲಿ: ಪ್ರಿಗಾಬಾಲಿನ್ 75, ನಾರ್ಟ್ರಿಪ್ಟಿಲಿನ್ 10. ಈ ನಾರ್ಟ್ರಿಪ್ಟಿಲಿನ್ ಅಮಿಟ್ರಿಪ್ಟಿಲಿನ್‌ನ ತಮ್ಮ. ಒಬ್ಬ ಡಾಕ್ಟರ್ ಕೊಟ್ಟ ಅಮಿಟ್ರಿಪ್ಟಿಲಿನ್ ಮನೆಯಲ್ಲಿದೆ, ಮೂಳೆ ಡಾಕ್ಟರ್ ಇದನ್ನು ಬರೆದರು ಅಂದರೆ ಒಂದೇ ಜಾತಿಯದು ಎರಡು ಸಲ ಹೊಟ್ಟೆಗೆ ಹೋಯಿತು. ಬ್ರ್ಯಾಂಡ್ ಬೇರೆ, ಬಣ್ಣ ಬೇರೆ, ಗೊತ್ತಾಗುವುದಾದರೂ ಹೇಗೆ? ಅದಕ್ಕೇ ನಾನು ಲೆಕ್ಕ ಇಡುವುದು ಬ್ರ್ಯಾಂಡಿನಲ್ಲಲ್ಲ, ಒಳಗಿನ ಔಷಧಿಯ ಹೆಸರಿನಲ್ಲಿ. ಅದರ ಮುಂದೆ ಎಷ್ಟು ಮಿಲಿಗ್ರಾಂ, ಯಾವ ಹೊತ್ತು, ಯಾವುದಕ್ಕೆ, ಯಾರು ಬರೆದರು. ಈ ಪಟ್ಟಿಯ ಫೋಟೋ ಫೋನಿನಲ್ಲಿದೆ. ಈ ಕಾಯಿಲೆಯಲ್ಲಿ ಮರೆವೂ ಇರುತ್ತದೆ ನೋಡಿ, ನೆನಪನ್ನು ನಂಬುವ ಹಾಗಿಲ್ಲ.

ಆ ಫೋಟೋ ಕೆಲಸಕ್ಕೆ ಬಂದಿದ್ದು ಉರಿಮೂತ್ರ ಬಂದಾಗ. ಕ್ಲಿನಿಕ್ಕಿನಲ್ಲಿ ಡಾಕ್ಟರ್ ಸಿಪ್ರೊಫ್ಲಾಕ್ಸಾಸಿನ್ ಅನ್ನುವ ಆಂಟಿಬಯೋಟಿಕ್ ಬರೆಯುತ್ತಿದ್ದರು.

'ಸರ್, ನಾನು ಡುಲಾಕ್ಸೆಟಿನ್ ಮೇಲಿದೀನಿ.'

'ಯಾಕಮ್ಮಾ, ಡಿಪ್ರೆಶನ್ನಾ?'

'ಇಲ್ಲ ಸರ್, ಫೈಬ್ರೊಮಯಾಲ್ಜಿಯಾ.'

ಅವರು ಪಟ್ಟಿ ನೋಡಿ ಸಿಪ್ರೊಫ್ಲಾಕ್ಸಾಸಿನ್ ಹೊಡೆದುಹಾಕಿ ಇನ್ನೊಂದು ಆಂಟಿಬಯೋಟಿಕ್, ನೈಟ್ರೋಫ್ಯುರಾಂಟೋಯಿನ್ ಬರೆದರು. ಸಿಪ್ರೊಫ್ಲಾಕ್ಸಾಸಿನ್ ಸೇರಿದರೆ ಡುಲಾಕ್ಸೆಟಿನ್ ರಕ್ತದಲ್ಲಿ ಏರುತ್ತದೆ. ಬೆನ್ನು ಹಿಡಿದುಕೊಂಡಾಗ ಕೊಡುವ ಟೈಜಾನಿಡಿನ್ ಜೊತೆಗಂತೂ ಸಿಪ್ರೊಫ್ಲಾಕ್ಸಾಸಿನ್ ಸೇರಲೇಬಾರದು, ಬಿಪಿ ಕುಸಿದು ಬೀಳಬಹುದು.

ಅಫೀಮು ಜಾತಿಯ ನೋವಿನ ಮಾತ್ರೆ ಟ್ರಮಡಾಲ್ ಬಗ್ಗೆ ನನಗೆ ಖಚಿತ ಅಭಿಪ್ರಾಯವಿದೆ: ಡುಲಾಕ್ಸೆಟಿನ್ ತೆಗೆದುಕೊಳ್ಳುವವರಿಗೆ ಅದು ಎರಡು ಕಡೆಯಿಂದಲೂ ನಷ್ಟ. ಟ್ರಮಡಾಲನ್ನು ನೋವು ನಿವಾರಕವಾಗಿ ಬದಲಿಸುವ ಕಿಣ್ವವನ್ನೇ ಡುಲಾಕ್ಸೆಟಿನ್ ತಡೆಯುತ್ತದೆ, ಹಾಗಾಗಿ ನೋವು ಸರಿಯಾಗಿ ಇಳಿಯುವುದಿಲ್ಲ. ಆದರೆ ಎರಡೂ ಸೇರಿ ಸೆರೊಟೋನಿನ್ ಅನ್ನುವ ನರಗಳ ರಾಸಾಯನಿಕವನ್ನು ಏರಿಸುತ್ತವೆ, ಅದು ಅತಿಯಾದರೆ ನಡುಕ, ಬೆವರು, ಜ್ವರ, ಎದೆ ಡವಡವ, ಗೊಂದಲ. ಹಾಗಾದರೆ ಕಾಯದೆ ಆಸ್ಪತ್ರೆಗೆ ಓಡಬೇಕು. 2018ರಿಂದ ಟ್ರಮಡಾಲ್ ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯ ಕೆಳಗೆ ಬಂದಿದೆ. ಪಕ್ಕದ ಮನೆಯವರ ಸ್ಟ್ರಿಪ್‌ನಿಂದ ಎರಡು ಕಿತ್ತುಕೊಳ್ಳುವ ಮಾತ್ರೆ ಅಲ್ಲ. ಕೆಮ್ಮಿನ ಸಿರಪ್ಪಿನಲ್ಲಿರುವ ಡೆಕ್ಸ್ಟ್ರೋಮೆಥಾರ್ಫಾನ್‌ಗೂ ಸೆರೊಟೋನಿನ್ ವಿಷಯದಲ್ಲಿ ಇದೇ ಎಚ್ಚರ.

'ಸೈಡ್ ಎಫೆಕ್ಟ್ ಇಲ್ಲ' ಅಂತ ಪೇಪರಿನಲ್ಲಿ ಕಟ್ಟಿಕೊಡುವ ಹೆಸರಿಲ್ಲದ ಪುಡಿ ನಾನು ಮುಟ್ಟುವುದಿಲ್ಲ. ಎರಡೇ ದಿನದಲ್ಲಿ ಮೈಕೈ ನೋವು ಮಾಯವಾದರೆ ಅದರಲ್ಲಿ ಸ್ಟೀರಾಯ್ಡ್ ಇದೆಯಾ ಅಂತ ಮೊದಲು ಅನುಮಾನ ಪಡಬೇಕು. ವಿಟಮಿನ್ ಡಿ 60,000 ಯೂನಿಟ್ ಪೊಟ್ಟಣವನ್ನೂ ವಾರಕ್ಕೊಂದರಂತೆ ಎರಡು ತಿಂಗಳು ಅಂದಿದ್ದರೆ ಎರಡೇ ತಿಂಗಳು. ಮುಂದುವರಿಸಿಕೊಂಡೇ ಹೋದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ.

ಯೂಲಾರ್ ಗಟ್ಟಿಯಾಗಿ ಶಿಫಾರಸು ಮಾಡಿದ್ದು ಒಂದನ್ನೇ, ವ್ಯಾಯಾಮ. ಕುಂದುವಾಡ ಕೆರೆ ಏರಿಯ ಮೇಲೆ ನಿಧಾನಕ್ಕೆ ನಡೆಯುತ್ತೇನೆ, ಆಗದ ದಿನ ಅರ್ಧಕ್ಕೇ ವಾಪಸ್.

ಈಗ ಪಟ್ಟಿಯಲ್ಲಿರುವುದು ಬಿಪಿ ಮಾತ್ರೆ, ತಿಂಡಿ ಆದ ಮೇಲೆ ಡುಲಾಕ್ಸೆಟಿನ್ 60. ಸ್ಟ್ರಿಪ್ ಖಾಲಿಯಾಗುವ ವಾರದ ಮುಂಚೆಯೇ ಇನ್ನೊಂದು ತಂದಿಡುತ್ತೇನೆ. ತಟ್ಟನೆ ನಿಂತರೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಆಗುತ್ತದೆ, ವಾಕರಿಕೆ, ಸಿಡುಕು. ಮುಂದಿನ ಭೇಟಿಯಲ್ಲಿ 30ಕ್ಕೆ ಇಳಿಸಿ ನೋಡೋಣ ಅಂತ ಡಾಕ್ಟರ್ ಅಂದಿದ್ದಾರೆ. ನಿದ್ದೆ ಮತ್ತು ಬಿಪಿ ಬರೆದ ಹಾಳೆ ತನ್ನಿ ಅಂತಲೂ ಹೇಳಿದ್ದಾರೆ, ಬರೆಯುತ್ತಿದ್ದೇನೆ.