ಸ್ಟ್ಯಾಂಪ್ ಮೇಲಿರೋ ನೀರು-ನೆಲದ ಯುದ್ಧಗಾಡಿ ಗುರುತು ಹಿಡಿಯೋದು ಹೇಗೆ

ಸಮುದ್ರದಿಂದ ಸೀದಾ ದಡಕ್ಕೆ ಹತ್ತೋ ಗಾಡಿಗಳನ್ನೇ ಥೀಮ್ ಮಾಡ್ಕೊಂಡು ಸ್ಟ್ಯಾಂಪ್ ಕೂಡಿಸ್ಬೇಕು ಅಂತಿದ್ರೆ ಒಂದು ಒಳ್ಳೆ ಲೆನ್ಸು, ಒಂದು ಟ್ವೀಜರು, ಒಂದು ನೋಟ್‌ಬುಕ್ಕು ಸಾಕು ಶುರು ಮಾಡೋಕೆ. ಕ್ಯಾಟಲಾಗಲ್ಲಿ ಏನು ಬರೆದಿದೆ ಅನ್ನೋದನ್ನ ಆಮೇಲೆ ನೋಡಿ, ಮೊದ್ಲು ಗಾಡಿ ಕೆಳಗಡೆ ಏನಿದೆ ನೋಡಿ.

ಆರು ಚಕ್ರ ಇದ್ದು ಮುಂದೆ ದೋಣಿ ಮೂತಿ ಇದ್ರೆ ಅದು ಡಕ್, ಎರಡನೇ ಮಹಾಯುದ್ಧದಲ್ಲಿ ಅಮೆರಿಕನ್ನರು ಬಳಸಿದ ನೀರು-ನೆಲದ ಲಾರಿ. ಎರಡೂವರೆ ಟನ್ನಿನ ಜಿಎಂಸಿ ಲಾರಿಗೆ ದೋಣಿ ಒಡಲು ಕೊಟ್ಟು ಮಾಡಿದ್ದು, ನೀರಲ್ಲಿ ಹಿಂದಿನ ಪ್ರೊಪೆಲ್ಲರ್ ತಳ್ಳುತ್ತೆ.

ಟ್ಯಾಂಕಿನ ಥರ ಚೈನ್ ಇದ್ರೆ ಎಲ್‌ವಿಟಿ, ಅಂದ್ರೆ ಸೈನಿಕರನ್ನ ದಡಕ್ಕಿಳಿಸೋ ಅಮೆರಿಕದ ಚೈನ್ ಗಾಡಿ, ಇದನ್ನೇ ಆಮ್‌ಟ್ರ್ಯಾಕ್ ಅಂತಾನೂ ಕರೀತಾರೆ. ಫ್ಲಾರಿಡಾದ ಜೌಗಲ್ಲಿ ಸಿಕ್ಕಾಕೊಂಡ ಜನರನ್ನ ಕಾಪಾಡೋಕೆ ಡೊನಾಲ್ಡ್ ರೋಬ್ಲಿಂಗ್ ಮಾಡಿದ ಅಲಿಗೇಟರ್ ಅನ್ನೋ ಗಾಡಿನೇ ಇದರ ಮೂಲ, ಇದು ನಂಗೆ ತುಂಬ ಇಷ್ಟವಾದ ವಿಷಯ. ಇದಕ್ಕೆ ಪ್ರೊಪೆಲ್ಲರ್ ಇಲ್ಲ, ಚೈನಿನ ಮೇಲಿರೋ ಉಬ್ಬು ಪಟ್ಟಿಗಳೇ ಹುಟ್ಟು ಹಾಕಿದ ಹಾಗೆ ನೀರು ತಳ್ಳುತ್ತವೆ, ಚೆನ್ನಾಗಿ ಕೆತ್ತಿದ ಸ್ಟ್ಯಾಂಪಾದ್ರೆ ಲೆನ್ಸಲ್ಲಿ ಆ ಪಟ್ಟಿಗಳು ಸಾಲಾಗಿ ಕಾಣ್ತವೆ.

ಈಗ ಸೈನಿಕರು ಎಲ್ಲಿಂದ ಇಳೀತಿದ್ದಾರೆ ನೋಡಿ. ಎಲ್‌ವಿಟಿ-1, 2ರಲ್ಲಿ ಪಕ್ಕದ ಗೋಡೆ ಹಾರಿ ಇಳೀಬೇಕಿತ್ತು, ಗುಂಡಿಗೆ ಎದೆ ಒಡ್ಡಿದ ಹಾಗೇನೇ. ಹಿಂದೆ ಇಳಿಯೋ ಬಾಗಿಲು ಬಂದಿದ್ದು ಎಲ್‌ವಿಟಿ-4ರಲ್ಲಿ, ಅದು ಯುದ್ಧಕ್ಕೆ ಇಳಿದಿದ್ದು 1944ರಲ್ಲಿ. ಹಾಗಾಗಿ 1943ರ ಟರಾವಾ (ಪೆಸಿಫಿಕ್ ಸಾಗರದಲ್ಲಿ ಅಮೆರಿಕನ್ನರು ಜಪಾನಿಯರ ಮೇಲೆ ದಾಳಿ ಮಾಡಿದ ಜಾಗ) ಅಂತ ಬರೆದಿರೋ ಸ್ಟ್ಯಾಂಪಲ್ಲಿ ಹಿಂಬಾಗಿಲು ಕಂಡ್ರೆ ಚಿತ್ರ ಬರೆದವರು ತಪ್ಪಿದ್ದಾರೆ ಅಂತ ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ.

ಚಕ್ರನೂ ಇಲ್ಲ ಚೈನೂ ಇಲ್ಲ, ಮುಂದಗಡೆ ಹಲಗೆ ಬೀಳುತ್ತೆ ಅಂದ್ರೆ ಅದು ಗಾಡಿ ಅಲ್ಲ, ಸೈನಿಕರನ್ನ ದಡಕ್ಕೆ ತಂದಿಳಿಸೋ ಹಿಗ್ಗಿನ್ಸ್ ದೋಣಿ. ಆದ್ರೂ ಬಿಸಾಕ್ಬೇಡಿ. 1943 ನವೆಂಬರ್ 20ಕ್ಕೆ ಟರಾವಾದಲ್ಲಿ ನೀರು ಕಮ್ಮಿ ಇದ್ದು ಈ ದೋಣಿಗಳು ಹವಳದ ದಿಬ್ಬ ದಾಟೋಕಾಗದೆ ನಿಂತುಬಿಟ್ವು, ಅಮೆರಿಕದ ಸೈನಿಕರು ಮೆಷಿನ್‌ಗನ್ ಎದುರು ನೀರಲ್ಲೇ ನಡ್ಕೊಂಡು ಹೋಗಬೇಕಾಯ್ತು, ದಿಬ್ಬ ಹತ್ತಿ ದಾಟಿದ್ದು ಆಮ್‌ಟ್ರ್ಯಾಕ್‌ಗಳು ಮಾತ್ರ. ಅಮೆರಿಕದ 1993ರ ಎರಡನೇ ಮಹಾಯುದ್ಧದ ಶೀಟಲ್ಲಿ ಟರಾವಾಗೆ ಒಂದು ಸ್ಟ್ಯಾಂಪಿದೆ, ಮಾರ್ಷಲ್ ಐಲೆಂಡ್ಸ್‌ನೋರು 1989ರಿಂದ 1995ರವರೆಗೆ ಯುದ್ಧದ ಮೇಲೆ ದೊಡ್ಡ ಸರಣಿನೇ ತಂದ್ರು, ಹುಡುಕೋಕೆ ಅಲ್ಲಿಂದ ಶುರು ಮಾಡಿ.

ಜಾಗ, ತಾರೀಖು ಬೇರೆ ಫೋಟೋಗಳ ಜೊತೆ ತಾಳೆ ನೋಡ್ಲೇಬೇಕು. 2018ರ ಕೊನೇಲಿ ಬ್ರಿಟನ್ನಿನ ಅಂಚೆ ಸಂಸ್ಥೆ ರಾಯಲ್ ಮೇಲ್ ಡಿ-ಡೇ (1944 ಜೂನ್ 6ಕ್ಕೆ ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿ ದಡಕ್ಕೆ ಇಳಿದ ದಿನ) ಸ್ಟ್ಯಾಂಪ್ ಅಂತ ತೋರಿಸಿದ ಒಂದು ಫೋಟೋ ನಾರ್ಮಂಡಿದು ಆಗಿರಲೇ ಇಲ್ಲ, 1944 ಮೇನಲ್ಲಿ ಡಚ್ ನ್ಯೂಗಿನಿಯಲ್ಲಿ ಅಮೆರಿಕನ್ನರು ಇಳೀತಿದ್ದ ಫೋಟೋ, ನೋಡಿದೋರು ಹಿಡಿದು ಹೇಳಿದ್ಮೇಲೆ ಕ್ಷಮೆ ಕೇಳಿ ಬದಲಾಯಿಸಿದ್ರು.

ಕೊಳ್ಳುವಾಗ 2002ರಿಂದೀಚೆಗಿನದಾದ್ರೆ ಅಂತಾರಾಷ್ಟ್ರೀಯ ಅಂಚೆ ಒಕ್ಕೂಟದ ಡಬ್ಲ್ಯೂಎನ್‌ಎಸ್ ಪಟ್ಟೀಲಿ, ಅಂದ್ರೆ ದೇಶಗಳು ಅಧಿಕೃತವಾಗಿ ತಂದ ಸ್ಟ್ಯಾಂಪ್‌ಗಳ ಪಟ್ಟೀಲಿ, ಇದ್ಯಾ ನೋಡಿ. ಎಲ್ಲಾ ದೇಶ ಅದರಲ್ಲಿ ಸೇರಿಲ್ಲ, ಆದ್ರೂ ಯಾವುದೋ ದೇಶದ ಹೆಸರಲ್ಲಿ ಸುಮ್ನೆ ಅಚ್ಚು ಹಾಕಿರೋ ಟ್ಯಾಂಕು-ದೋಣಿ ಶೀಟುಗಳನ್ನ ಹಿಡಿಯೋಕೆ ಅದು ಒಳ್ಳೆ ದಾರಿ.

ಮಂಗಳೂರು, ಕಾರವಾರದ ಕಡೆಯೋರು ಮಳೆಗಾಲದಲ್ಲಿ ಹುಷಾರು, ಅಂಟು ಹಸಿಯಾಗಿ ಪುಟಕ್ಕೆ ಕಚ್ಕೊಳ್ಳುತ್ತೆ, ಆಲ್ಬಮ್ ನೆಟ್ಟಗೆ ನಿಲ್ಲಿಸಿ ಪಕ್ಕದಲ್ಲಿ ಸಿಲಿಕಾ ಜೆಲ್ ಇಡಿ. ಮೊದಲ ಪುಟದಲ್ಲಿ ಹಿಗ್ಗಿನ್ಸ್ ದೋಣಿ, ಅದರ ಪಕ್ಕಕ್ಕೇ ಆಮ್‌ಟ್ರ್ಯಾಕ್ ಹಾಕಿ, ಕೆಳಗೆ ಟರಾವಾ ಅಂತ ಬರೀರಿ.